ಎರಡನೇ ಬೇಸಿನಿಂದ ಕಾಣುವ ಬೆರಳುಗಳು

ಪಾಯಿಂಟ್ ಕುಕ್
14 ಸೆಪ್ಟೆಂಬರ್ 2025

ಪ್ರೀತಿಯ ಅತ್ತಿಗೆ,

ಇದನ್ನು ನಿಮಗೆ ಬರೆಯದೇ ಬಿಡುವವಳಿದ್ದೆ. ಕಾಗದ ಮುಗಿಸಿ, ಮಡಿಚಿ, ಕವರಿಗೆ ಹಾಕಿದ ಮೇಲೆ ಮತ್ತೆ ತೆಗೆದು ಮೊದಲಿಂದ ಬರೆಯುತ್ತಿದ್ದೇನೆ. ಮೆಲ್ಬರ್ನಿಗೆ ಓದಲು ಬಂದು ನಮ್ಮಲ್ಲಿರುವ ನಿಮ್ಮ ಪ್ರಣತಿಯ ಬೇಸ್‌ಬಾಲ್ ಆಟದ ಬಗ್ಗೆ ಫೇಸ್‌ಬುಕ್ಕಿನಲ್ಲಿ ನಾನೊಂದು ಪೇಜ್ ನಡೆಸುತ್ತಿದ್ದೇನೆ. ಹೆಸರು ‘ನಮ್ಮ ಕ್ಯಾಚರ್’. ಹೋದ ಫೆಬ್ರವರಿಯಲ್ಲಿ ಶುರು ಮಾಡಿದ್ದು. ನಿಮ್ಮನ್ನಾಗಲಿ ಅಣ್ಣನನ್ನಾಗಲಿ ಕೇಳಲಿಲ್ಲ. ಕೇಳಿದ್ದರೆ ನೀವು ಬೇಡ ಎನ್ನುತ್ತಿದ್ದಿರಿ, ಅದು ನನಗೆ ಗೊತ್ತಿತ್ತು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಎಪ್ಪಿಂಗ್ ಮನೆಯ ಗೃಹಪ್ರವೇಶದ ಜಗಳದ ನಂತರ, ಮುಖ್ಯವಾದದ್ದನ್ನು ಕಾಗದದಲ್ಲೇ ಬರೆಯೋಣ ಎಂದು ನೀವು ಹೇಳಿದ್ದು ಒಳ್ಳೆಯದೇ ಆಯಿತು. ಫೋನಿನಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಉತ್ತರ ತಯಾರಾಗಿರುತ್ತದೆ. ಕಾನ್ವೆಂಟಿನಲ್ಲಿ ಓದಿದ ನನಗೆ ಕನ್ನಡದಲ್ಲಿ ಎರಡು ಹಾಳೆ ತುಂಬಿಸಲು ಎರಡು ಸಂಜೆ ಬೇಕು. ಅಷ್ಟು ಹೊತ್ತು ಸುಳ್ಳು ಹೇಳುತ್ತಾ ಕೂರುವುದು ಕಷ್ಟ.

ಪೇಜಿನಲ್ಲಿ ಇರುವುದು ಇಷ್ಟೇ. ಮ್ಯಾಚಿನ ವಿಡಿಯೋ ತೆಗೆದು, ಬೇಸ್‌ಬಾಲ್ ಅರ್ಥವಾಗದ ನಮ್ಮವರಿಗೆ ಕನ್ನಡದಲ್ಲಿ ವಿವರಿಸುತ್ತೇನೆ. ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಬ್ಯಾಟರ್ ಹಿಂದೆ ಕುಕ್ಕರುಗಾಲಲ್ಲಿ ಕೂರುತ್ತಾಳೆ. ಆದರೆ ಮುಂದಿನ ಚೆಂಡು ಯಾವುದು ಎನ್ನುವುದನ್ನು ನಿರ್ಧರಿಸುವವಳೂ ಅವಳೇ. ತೊಡೆಯ ಸಂದಿನಲ್ಲಿ ಬೆರಳು ತೋರಿಸುತ್ತಾಳೆ, ಎಸೆಯುವ ಪಿಚ್ಚರ್ ತಲೆಯಾಡಿಸುತ್ತಾಳೆ. ಓಟಗಾರರು ನಿಲ್ಲುವ ಒಂದು ಬೇಸಿನಿಂದ ಮುಂದಿನ ಬೇಸಿಗೆ ಕದ್ದು ಓಡುವವರನ್ನು ಚೆಂಡೆಸೆದು ಔಟ್ ಮಾಡುವುದು ಬೇರೆ. ಮೊದಲ ವರ್ಷದಲ್ಲೇ ಹನ್ನೊಂದು ಜನರನ್ನು ಔಟ್ ಮಾಡಿದ್ದಾಳೆ ನಿಮ್ಮ ಮಗಳು. ಅವಳ ಹೆರನ್ಸ್ ಕ್ಲಬ್ಬಿನಲ್ಲಿ ಈ ತನಕ ಯಾರೂ ಮಾಡಿಲ್ಲವಂತೆ.

ಗಣೇಶನ ಹಬ್ಬದ ಕೂಟದಲ್ಲಿ ಅವಳನ್ನು ಎಲ್ಲರೂ ಮುತ್ತಿಕೊಂಡರು. ಬೆಳಗಾವಿಯ ಈರಯ್ಯ ಅಂಕಲ್ ಗೊತ್ತಲ್ಲ, ಗ್ರೌಂಡಿಗೆ ಡೊಳ್ಳು ತರುವವರು. “ಹೋದ ವರ್ಷ ಹನ್ನೊಂದು ಆತು. ಈ ವರ್ಷ ಇಪ್ಪತ್ತೈದು ಆಗಬೇಕವ್ವಾ. ಇಲ್ಲಾಂದ್ರ ಡೊಳ್ಳು ಬಾರಿಸಿದ್ದು ವಾಪಸ್ ಕೊಡು!” ಎಂದರು. “ನೋ ಪ್ರೆಶರ್, ಅಂಕಲ್” ಎಂದು ಇವಳು ಇನ್ನೊಂದು ಕಡುಬು ಬಾಯಿಗೆ ಹಾಕಿಕೊಂಡಳು.

ಮೊನ್ನೆ ನಾನು ಚಪಾತಿ ಲಟ್ಟಿಸುತ್ತಿದ್ದಾಗ ಅಡುಗೆಮನೆಯ ನೆಲದ ಮೇಲೆ ಕೂತು ಆ ಬೆರಳುಗಳ ಲೆಕ್ಕವನ್ನೆಲ್ಲ ಕಲಿಸಿಕೊಟ್ಟಳು. “ಅತ್ತೆ, ಇಟ್ಸ್ ಎ ಸೀಕ್ರೆಟ್, ಓಕೆ? ಟೀಮ್ ಸೀಕ್ರೆಟ್” ಎಂದಳು. ಅವಳ ಬೆರಳಿಗೆ ಹಿಟ್ಟು ಮೆತ್ತಿತ್ತು. ಆ ಗುಟ್ಟು ಗೊತ್ತಿರುವ ಮನೆ ಮೆಲ್ಬರ್ನಿನಲ್ಲಿ ನಮ್ಮದೊಂದೇ ಎಂದು ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಅದನ್ನೂ ನಿಮಗೆ ಬರೆಯಬಾರದು ಅಂದುಕೊಂಡಿದ್ದೆ.

ಕೋಪ ಮಾಡಿಕೊಳ್ಳಬೇಡಿ.

ನಿಮ್ಮ
ಸಂಧ್ಯಾ


ಎಪ್ಪಿಂಗ್
24 ಸೆಪ್ಟೆಂಬರ್ 2025

ಪ್ರೀತಿಯ ಸಂಧ್ಯಾ,

ಪೇಜಿನ ಸುದ್ದಿ ನನಗೆ ಏಪ್ರಿಲ್‌ನಿಂದಲೇ ಗೊತ್ತು. ನಿನ್ನ ಅಣ್ಣ ತ್ರಿವಿಕ್ರಮ ರಾಯರು ಊಟದ ಟೇಬಲ್ಲಿನ ಮೇಲೆ ಫೋನ್ ನಿಲ್ಲಿಸಿಕೊಂಡು ದಿನಾ ನೋಡುತ್ತಾರೆ. “ಸಂಧ್ಯಾ ಎಷ್ಟ್ ಚೆನ್ನಾಗ್ ಹೇಳ್ತಾಳೆ ಕಣೇ” ಎನ್ನುತ್ತಾರೆ. ನಾನೂ ನೋಡುತ್ತೇನೆ, ಪಾತ್ರೆ ತೊಳೆಯುವ ನೆಪದಲ್ಲಿ ಹಿಂದೆ ನಿಂತುಕೊಂಡು. ನೀನಾಗಿಯೇ ಹೇಳಲಿ ಎಂದು ಕಾಯುತ್ತಿದ್ದೆ.

ಕೋಪವಿಲ್ಲ. ಭಯವಿದೆ.

ಹತ್ತನೇ ಕ್ಲಾಸಿನಲ್ಲಿ ನನಗೆ ರಾಜ್ಯಕ್ಕೆ ಏಳನೇ ರ‍್ಯಾಂಕ್ ಬಂದಿತ್ತು. ಅಪ್ಪ ಅಮ್ಮ ಎರಡೂ ಕಡೆಯಿಂದ ನನ್ನ ಬಾಯಿಗೆ ಪೇಢೆ ಇಡುತ್ತಿರುವ ಫೋಟೋ ಪೇಪರಿನಲ್ಲಿ ಬಂತು. ಧಾರವಾಡದ ಫೋಟೋ, ಪೇಢೆ ಇಲ್ಲದೆ ಹೇಗೆ? ಆಮೇಲೆ ಎರಡು ವರ್ಷ ನಾನು ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು, “ಪಿಯುಸಿಗೆ ಎಷ್ಟನೇ ರ‍್ಯಾಂಕ್ ವಾ?” ಎಂದೇ ಎಲ್ಲರೂ ಕೇಳುತ್ತಿದ್ದರು. ಬರುತ್ತದೋ ಇಲ್ಲವೋ ಎಂದಲ್ಲ, ಎಷ್ಟನೆಯದು ಎಂದು. ಕೆಮಿಸ್ಟ್ರಿ ಪ್ರಾಕ್ಟಿಕಲ್ಲಿನಲ್ಲಿ ಗಾಜಿನ ಪಿಪೆಟ್ ನನ್ನ ಕೈಜಾರಿ ಬಿದ್ದು ಒಡೆದುಹೋಯಿತು. ಅರವತ್ತೊಂದು ಪರ್ಸೆಂಟ್ ಬಂತು. ಆ ವರ್ಷ ನಮ್ಮ ಓಣಿಯಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ಎರಡನೇ ವರ್ಷ ಅನ್ನುವುದು ಹಾಗೆ. ಅವಳ ಮುಂದೆ ಇಪ್ಪತ್ತೈದು ಗಿಪ್ಪತ್ತೈದು ಎನ್ನಬೇಡ. ಈರಯ್ಯನವರಿಗೂ ಹೇಳು. ವಿಡಿಯೋ ಹಾಕು, ಬೇಡ ಎನ್ನುವುದಿಲ್ಲ. ಆದರೆ ಆಟ ಆಡುವವಳು ಅವಳು, ನಾವಲ್ಲ.

ಅತ್ತಿಗೆ
ಮಾಧುರಿ


ಪಾಯಿಂಟ್ ಕುಕ್
9 ನವೆಂಬರ್ 2025

ಪ್ರೀತಿಯ ಅತ್ತಿಗೆ,

ಶುರು ಸ್ವಲ್ಪ ನಿಧಾನವಾಗಿದೆ, ಅಷ್ಟೇ. ನಾಲ್ಕು ಮ್ಯಾಚಿನಲ್ಲಿ ಮೂರು ಸೋತಿದ್ದೇವೆ. ಕೊನೆಯದು ಕ್ರಾನ್‌ಬರ್ನ್ ಕಡೆಯ ಸ್ಯಾಂಡ್‌ಪೈಪರ್ಸ್ ತಂಡದ ಎದುರು, 13–2ರಲ್ಲಿ ಸೋಲು. ನಾನು ದಿಗ್ಭ್ರಮೆಗೊಂಡು ಕೂತುಬಿಟ್ಟೆ. ಯಾವ ಚೆಂಡು ಬರುತ್ತದೆ ಎಂದು ಹಿಂದಿನ ದಿನವೇ ಕನಸು ಬಿದ್ದವರ ಹಾಗೆ ಆ ಹುಡುಗಿಯರು ಹೊಡೆದರು. ಈರಯ್ಯ ಅಂಕಲ್ ಡೊಳ್ಳನ್ನು ಅರ್ಧದಲ್ಲೇ ಕಾರಿಗೆ ಹಾಕಿಕೊಂಡರು.

ಪೇಜಿನಲ್ಲಿ ಜನ ಏನೇನೋ ಬರೆಯುತ್ತಿದ್ದಾರೆ. ‘ಹೋದ ವರ್ಷದ್ದು ಬರೀ ಲಕ್.’ ‘ಸ್ಟಾರ್ ಆದಮೇಲೆ ಪ್ರಾಕ್ಟೀಸ್ ಯಾಕೆ ಮಾಡ್ತಾರೆ.’ ಹಬ್ಬದ ದಿನ ಇವಳ ಜೊತೆ ಸೆಲ್ಫಿಗೆ ಸಾಲು ನಿಂತವರೇ! ನನಗೆ ತಡೆಯಲಾಗಲಿಲ್ಲ. ಮೊದಲ ಮ್ಯಾಚ್ ಸೋತ ವಾರವೇ, ಇವಳ ತಪ್ಪಲ್ಲ ಎಂದು ತೋರಿಸಲು ಎರಡು ವಿಡಿಯೋ ಮಾಡಿದೆ. ನಾವು ಕೂರುವುದು ಗ್ರೌಂಡಿನ ಆ ತುದಿಯ ದಿಬ್ಬದಲ್ಲಿ, ನೀಲಗಿರಿ ಮರದ ಕೆಳಗೆ. ನೆರಳೂ ಇದೆ, ಪುಳಿಯೋಗರೆ ಬಿಚ್ಚಲು ಜಾಗವೂ ಇದೆ. ಅಲ್ಲಿಂದ ಅವಳ ಮುಖ ನೇರ ಎದುರಿಗಿರುತ್ತದೆ. ಜೂಮ್ ಮಾಡಿದರೆ ಬೆರಳುಗಳು ಸ್ಪಷ್ಟ. ಒಂದು ಬೆರಳು ಅಂದರೆ ನೇರದ್ದು, ಎರಡು ಅಂದರೆ ತಿರುಗುವುದು, ಬೆರಳಾಡಿಸಿದರೆ ನಿಧಾನದ್ದು. ನೋಡಿ, ಇವಳು ಸರಿಯಾಗೇ ಹೇಳಿದ್ದಾಳೆ, ಮುಂದಿನದು ಇವಳ ಕೈಯಲ್ಲಿಲ್ಲ ಎಂದು ಒಂದೊಂದೇ ಚೆಂಡು ತೋರಿಸಿ ವಿವರಿಸಿದೆ.

ಹದಿನೈದು ದಿನದ ಹಿಂದೆ ಟೀಮಿನವರು ಗುರುತುಗಳನ್ನು ಬದಲಿಸಿದರು. ಈಗ ಪಿಚ್ಚರ್ ಹಿಂದಿರುವ ಎರಡನೇ ಬೇಸಿನಲ್ಲಿ ಎದುರಾಳಿ ನಿಂತಿದ್ದರೆ ನಾಲ್ಕೈದು ಸಲ ಬೆರಳು ತೋರಿಸುತ್ತಾಳೆ, ಮೂರನೇ ಸಲದ್ದೇ ನಿಜವಾದದ್ದು. ನಾನು ಇವಳನ್ನು ಕೇಳಿ ಕೇಳಿ ಕಲಿತುಕೊಂಡೆ, ಅದನ್ನೂ ಹಾಕಿದೆ. ನಾಲ್ಕು ಸಾವಿರ ಜನ ನೋಡಿದ್ದಾರೆ!

ನಮ್ಮ ಮನೆಯವರು ಮಾತ್ರ ಭುಜದ ಮೇಲಿಂದ ಇಣುಕಿ, “ಏನೇ, ಇದನ್ನೆಲ್ಲ ಹಾಕಬಹುದಾ?” ಎಂದರು.

“ಇಲ್ಲಿ ಯಾವ ಬ್ಯಾಟರ್‌ಗೆ ರೀ ಕನ್ನಡ ಬರುತ್ತೆ?” ಎಂದೆ. ಶಿವಪ್ರಕಾಶ್ ತಮ್ಮ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಪ್ರಣತಿ ಚೆನ್ನಾಗಿದ್ದಾಳೆ. ಊಟ ಸ್ವಲ್ಪ ಕಡಿಮೆ. ಪರೀಕ್ಷೆ ಹತ್ತಿರ ಇದೆಯಲ್ಲ.

ನಿಮ್ಮ
ಸಂಧ್ಯಾ


ಎಪ್ಪಿಂಗ್
21 ನವೆಂಬರ್ 2025

ಸಂಧ್ಯಾ,

ನಿನ್ನೆ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಪ್ರಣತಿಯ ಫೋನ್ ಬಂತು. ಅವಳು ಆ ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ. ಹಲೋ ಇಲ್ಲ, ಏನಿಲ್ಲ. “ಅಮ್ಮಾ, ಆಮ್ ಐ ಎ ಲೈಯರ್? ಚಿಕ್ಕೋಳಿದ್ದಾಗ ಐ ಲೈಡ್ ಎ ಲಾಟ್?” ಎಂದಳು. ಯಾಕಮ್ಮಾ ಎನ್ನುವಷ್ಟರಲ್ಲಿ ಕಟ್ಟಾಯಿತು. ನಾನು ಲಿಫ್ಟಿನ ಮುಂದೆ ನಿಂತಿದ್ದೆ. ಬಾಗಿಲು ಮೂರು ಸಲ ತೆರೆದು ಮುಚ್ಚಿಕೊಂಡಿತಂತೆ. ಜೊತೆಯವಳು ಬಂದು ಕೈ ಹಿಡಿದು ಕರೆದುಕೊಂಡು ಹೋದಳು.

ಇದು ಆಟದ ವಿಷಯವಲ್ಲ. ಆಟದಲ್ಲಿ ಸೋತವರು ಹೀಗೆ ಕೇಳುವುದಿಲ್ಲ. ಯಾರೋ ಹುಡುಗ ಇದ್ದಾನೆ, ಏನೋ ಆಗಿದೆ. ಅವಳು ನಿನ್ನ ಮನೆಯಲ್ಲಿದ್ದಾಳೆ. ನಿನಗೆ ಗೊತ್ತಿರಲೇಬೇಕು. ‘ಊಟ ಸ್ವಲ್ಪ ಕಡಿಮೆ’ ಎಂದು ಒಂದು ಸಾಲು ಬರೆದು ಉಳಿದದ್ದನ್ನು ನೀನು ನುಂಗಿಕೊಂಡಿದ್ದೀಯ ಎಂದು ಆಗಲೇ ಅನ್ನಿಸಿತ್ತು.

ಇನ್ನೊಂದು ಮಾತು ಬರೆಯುತ್ತೇನೆ, ಬರೆಯಬಾರದಿತ್ತು ಎಂದು ನಾಳೆ ಅನ್ನಿಸಿದರೂ. ಬೇರೆಯವರ ಮಗಳ ಗೆಲುವಿನಲ್ಲಿ ಪಾಲು ತೆಗೆದುಕೊಳ್ಳುವುದು ಸುಲಭ.

ಮಾಧುರಿ


ಪಾಯಿಂಟ್ ಕುಕ್
30 ನವೆಂಬರ್ 2025

ಅತ್ತಿಗೆ,

ಹುಡುಗ ಯಾರೂ ಇಲ್ಲ. ಮುಚ್ಚಿಟ್ಟಿದ್ದು ಒಂದೇ ವಿಷಯ. ಹದಿನಾರನೇ ತಾರೀಖಿನಿಂದ ಅವಳನ್ನು ಬೆಂಚಿನಲ್ಲಿ ಕೂರಿಸಿದ್ದಾರೆ. ಬೇರೆ ಹುಡುಗಿ ಕ್ಯಾಚರ್ ಆಗಿದ್ದಾಳೆ. ಯಾಕೆ ಎಂದು ಕೇಳಿದರೆ ‘ಇಟ್ಸ್ ಫೈನ್, ಅತ್ತೆ’ ಎನ್ನುತ್ತಾಳೆ.

ನನಗೂ ಗ್ರೌಂಡಿಗೆ ಬರಬೇಡಿ ಎಂದಳು. ಬಿಸಿಲು ಜಾಸ್ತಿಯಂತೆ. ಅವತ್ತು ಹತ್ತೊಂಬತ್ತು ಡಿಗ್ರಿ ಇತ್ತು, ಗಾಳಿಗೆ ನಾನು ಸ್ವೆಟರ್ ಹಾಕಿಕೊಂಡಿದ್ದೆ. ಪೇಜ್ ಮುಚ್ಚಿಬಿಡಿ ಎಂದೂ ಹೇಳಿದಳು. ಕಾಮೆಂಟುಗಳನ್ನು ಓದಿ ನೊಂದಿದ್ದಾಳೆ. ಅದಕ್ಕೇ ನಾನು ಮುಚ್ಚಲಿಲ್ಲ. ಸೋತಾಗ ಜೊತೆಗೆ ನಿಲ್ಲದಿದ್ದರೆ ಅಭಿಮಾನಿ ಅಂತ ಯಾಕೆ ಅನ್ನಿಸಿಕೊಳ್ಳಬೇಕು? ಹೊಸದೇನೂ ಹಾಕುವುದಿಲ್ಲ ಎಂದು ಮಾತ್ರ ಒಪ್ಪಿಕೊಂಡಿದ್ದೇನೆ.

ನಿಮ್ಮ ಕೊನೆಯ ಸಾಲಿಗೆ ಒಂದು ಉತ್ತರ ಬರೆದಿದ್ದೆ. ಆ ಹಾಳೆಯನ್ನು ಕಳಿಸುತ್ತಿಲ್ಲ.

ಸಂಧ್ಯಾರಾಣಿ


ಎಪ್ಪಿಂಗ್
19 ಜನವರಿ 2026

ಪ್ರೀತಿಯ ಸಂಧ್ಯಾ,

ಏಳು ವಾರ ನಾನು ಬರೆಯಲಿಲ್ಲ. ಆ ಸಾಲು ಬರೆದದ್ದು ತಪ್ಪು. ನಿನ್ನ ಸಹಿಯಲ್ಲಿ ಪೂರ್ತಿ ಹೆಸರು ನೋಡಿದಾಗಲೇ ಗೊತ್ತಾಗಿತ್ತು. ಕ್ಷಮಿಸು.

ಕ್ರಿಸ್‌ಮಸ್ ರಜೆಗೆ ಬಂದಾಗ ಪ್ರಣತಿ ನಾಲ್ಕು ದಿನ ಸುಮ್ಮನಿದ್ದಳು. ಐದನೇ ದಿನ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಮುಖ ಆಚೆ ಇತ್ತಲ್ಲ, ಹಾಗಾಗಿ ಹೇಳಿದಳು.

ಅವರ ಗುರುತುಗಳು ಎದುರಾಳಿಗಳಿಗೆ ಮೊದಲೇ ಗೊತ್ತಾಗುತ್ತಿದ್ದವಂತೆ. ಬದಲಿಸಿದ ಮೇಲೂ ಒಂದೇ ವಾರದಲ್ಲಿ ಗೊತ್ತಾದವಂತೆ. ಅವು ತಿಳಿದಿದ್ದದ್ದು ಕೋಚ್, ಪಿಚ್ಚರ್, ಇವಳು, ಮೂರೇ ಜನಕ್ಕೆ. ಇವಳನ್ನು ಬೆಂಚಿಗೆ ಕೂರಿಸಿ ಮತ್ತೆ ಬದಲಿಸಿದರು. ಸೋರಿಕೆ ನಿಂತಿತು. ಇನ್ನೇನು ಬೇಕು ಅವರಿಗೆ? ನಿನ್ನ ಪ್ರಣತಿ, ಎಂಟು ವರ್ಷದವಳಿದ್ದಾಗ ಅಂಗಡಿಯವನು ತಪ್ಪಿ ಕೊಟ್ಟ ಇನ್ನೊಂದು ಚಾಕೊಲೇಟನ್ನು ಓಡಿಹೋಗಿ ವಾಪಸ್ ಕೊಟ್ಟವಳು, ತನ್ನ ತಂಡವನ್ನೇ ಮಾರಿದವಳು ಎಂದು ಬೆನ್ನ ಹಿಂದೆ ಮಾತಾಡಿಕೊಳ್ಳುತ್ತಿದ್ದಾರೆ. ಫೆಬ್ರವರಿ ಮೂರರಂದು ಕಮಿಟಿ ಸೇರುತ್ತದೆ. ಕ್ಲಬ್ಬಿನಿಂದಲೇ ತೆಗೆದರೆ ಈ ಲೀಗಿನಲ್ಲಿ ಬೇರೆ ಯಾವ ತಂಡವೂ ಅವಳನ್ನು ಸೇರಿಸಿಕೊಳ್ಳುವುದಿಲ್ಲ.

“ಯಾರು ಹೇಳಿದ್ದು ಅಂತ ನಿನಗೆ ಗೊತ್ತಾ?” ಎಂದು ಕೇಳಿದೆ. ಗೊತ್ತು ಎಂದಳು. “ಬಟ್ ಐ ವೋಂಟ್ ಸೇ, ಅಮ್ಮಾ. ಬೇಕೂಂತ ಮಾಡಿದ್ದಲ್ಲ” ಎಂದಳು. ಆಮೇಲೆ ಎಷ್ಟು ಬೇಡಿಕೊಂಡರೂ ಬಾಯಿ ಬಿಡಲಿಲ್ಲ.

ಯಾರನ್ನೋ ಕಾಪಾಡುತ್ತಿದ್ದಾಳೆ. ಆ ಪಿಚ್ಚರ್ ಹುಡುಗಿಯೇ ಇರಬೇಕು ಎಂದು ನನ್ನ ಅನುಮಾನ. ನಿನಗೇನಾದರೂ ಸುಳಿವು ಸಿಕ್ಕರೆ ಹೇಳು. ಅದು ಯಾರೇ ಆಗಿರಲಿ, ಹತ್ತೊಂಬತ್ತು ವರ್ಷದ ಹುಡುಗಿಯ ಮರೆಯಲ್ಲಿ ಹೀಗೆ ಅಡಗಿ ಕೂತಿರುವವರನ್ನು ನಾನಂತೂ ಕ್ಷಮಿಸಲಾರೆ.

ಅತ್ತಿಗೆ
ಮಾಧುರಿ


ಪಾಯಿಂಟ್ ಕುಕ್
1 ಫೆಬ್ರವರಿ 2026

ಅತ್ತಿಗೆ,

ಅದು ನಾನು.

ಈ ಎರಡು ಪದದ ನಂತರ ಬರೆದ ಮೂರು ಹಾಳೆಗಳನ್ನು ಹರಿದು ಹಾಕಿದೆ. ಮೂರರಲ್ಲೂ ಕಾರಣಗಳೇ ಇದ್ದವು. ಈಗ ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ನಿಮ್ಮ ಕಾಗದ ಮಂಗಳವಾರ ತಲುಪಿತು. ಪಿಚ್ಚರ್ ಹುಡುಗಿಯ ಮೇಲೆ ನನಗೂ ಅನುಮಾನ ಬಂತು. ಅವಳಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಾ ಮೂರು ದಿನ ಲ್ಯಾಬಿನಲ್ಲಿ ಕೆಲಸ ಮಾಡಿದೆ. ನನ್ನ ಕೆಲಸ ನಿಮಗೆ ಗೊತ್ತಲ್ಲ, ರಕ್ತದ ಸ್ಯಾಂಪಲ್ ಒಬ್ಬರದು ಇನ್ನೊಬ್ಬರ ಹೆಸರಿಗೆ ಹೋಗದ ಹಾಗೆ ನೋಡಿಕೊಳ್ಳುವುದು.

ನಿನ್ನೆ ಶನಿವಾರ ಕನ್ನಡ ಬಳಗದವರ ಸಂಕ್ರಾಂತಿ ಕೂಟ. ಎಳ್ಳು ಬೀರುವ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಕ್ರಾನ್‌ಬರ್ನ್‌ನಿಂದ ಒಂದು ಸಂಸಾರ ಬಂದಿತ್ತು. ಅನಘಾ ಅಂತ ತಾಯಿ, ಸಾನ್ವಿ ಅಂತ ಹದಿನೇಳರ ಮಗಳು. ನಾನು “ಎಳ್ಳು ತಗೊಳ್ಳಿ” ಎಂದದ್ದೇ ತಡ, ಆಕೆ ನನ್ನ ಕೈ ಹಿಡಿದುಕೊಂಡರು.

“ಅಯ್ಯೋ, ‘ನಮ್ಮ ಕ್ಯಾಚರ್’ ನೀವೇ ಅಲ್ವಾ? ವಾಯ್ಸ್ ಕೇಳಿದ ತಕ್ಷಣ ಗೊತ್ತಾಯ್ತು! ನಮ್ಮ ಸಾನ್ವಿ ನಿಮ್ಮ ದೊಡ್ಡ ಫ್ಯಾನು ಕಣ್ರೀ.”

“ಅಮ್ಮಾ, ಸ್ಟಾಪ್” ಎಂದಳು ಹುಡುಗಿ.

“ಏನ್ ಸ್ಟಾಪು? ಮನೇಲಿ ಕನ್ನಡ ಮಾತಾಡು ಅಂದ್ರೆ ಇಂಗ್ಲಿಷಲ್ಲೇ ಉತ್ತರ. ನಿಮ್ ವಿಡಿಯೋ ಮಾತ್ರ ಒಂದೂ ಬಿಡಲ್ಲ. ಕಿವಿಗೆ ಸಿಕ್ಕಿಸ್ಕೊಂಡು, ನಿಲ್ಲಿಸಿ ನಿಲ್ಲಿಸಿ ಬರ್ಕೋತಾಳೆ. ಪರವಾಗಿಲ್ಲ, ಕನ್ನಡ ಕಲೀತಿದಾಳೆ ಅಂತ ನಾನು ಖುಷಿಯಾಗಿದ್ದೆ.”

“ಏನು ಬರ್ಕೋತೀಯಮ್ಮಾ?” ಎಂದೆ. ಆ ಪ್ರಶ್ನೆ ಕೇಳುವಾಗಲೂ ನಾನು ನಗುತ್ತಿದ್ದೆ, ಅತ್ತಿಗೆ. ಅದು ಮರೆಯುತ್ತಿಲ್ಲ. ಆಗಲೇ ಆ ಹುಡುಗಿಯ ಜಾಕೆಟ್ಟಿನ ಮೇಲಿದ್ದ ಹಕ್ಕಿ ಕಾಣಿಸಿತು. ಸ್ಯಾಂಡ್‌ಪೈಪರ್ಸ್.

“ಇಟ್ ವಾಸ್ ಪಬ್ಲಿಕ್, ಆಂಟಿ” ಎಂದಳು ಸಾನ್ವಿ. ಅವಳ ಕಣ್ಣಲ್ಲಿ ನೀರಿತ್ತು. “ಐ ಥಾಟ್ ಯು ನ್ಯೂ.”

ಉಳಿದದ್ದನ್ನು ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಕೇಳಿದೆ. ಬ್ಯಾಟರ್‌ಗೆ ಬೆನ್ನ ಹಿಂದೆ ಕೂತ ಕ್ಯಾಚರ್ ಬೆರಳು ಕಾಣುವುದಿಲ್ಲ. ಆದರೆ ಎರಡನೇ ಬೇಸಿನಲ್ಲಿ ನಿಂತವಳಿಗೆ, ದಿಬ್ಬದಿಂದ ನನಗೆ ಕಾಣುವ ಹಾಗೆಯೇ, ನೇರ ಕಾಣುತ್ತದೆ. ಅರ್ಥ ಗೊತ್ತಿದ್ದರೆ ಅಷ್ಟು ಸಾಕು. ಅವಳು ತನ್ನ ಹೆಲ್ಮೆಟ್ ಮುಟ್ಟಿದರೆ ನೇರದ್ದು, ಬೆಲ್ಟ್ ಮುಟ್ಟಿದರೆ ತಿರುಗುವುದು. ಬ್ಯಾಟರ್ ಅಲ್ಲಿಂದಲೇ ನೋಡಿ ತಿಳಿದುಕೊಳ್ಳುತ್ತಾಳೆ. ಅದು ಆಟದಲ್ಲಿ ಮೋಸವಲ್ಲವಂತೆ. ಅರ್ಥವನ್ನು ನಾನು ಹೇಳಿಕೊಟ್ಟಿದ್ದೆ, ಬಿಡಿಸಿ ಬಿಡಿಸಿ, ಮೂರನೆಯದೇ ನಿಜ ಎನ್ನುವ ತನಕ. ಸಾನ್ವಿ ಅದನ್ನು ಇಂಗ್ಲಿಷಿನಲ್ಲಿ ಬರೆದಳು. ಈಗ ಅರ್ಧ ಲೀಗಿನ ಹತ್ತಿರ ಇದೆ.

ಇಲ್ಲಿ ಯಾರಿಗೆ ಕನ್ನಡ ಬರುತ್ತೆ ಎಂದಿದ್ದೆ. ನಮ್ಮ ಮಕ್ಕಳು ಕನ್ನಡ ಮಾತಾಡುವುದಿಲ್ಲ ಎಂದು ಎಲ್ಲರ ಎದುರೂ ಕೊರಗುತ್ತೇವೆ. ಅವರಿಗೆ ಎಲ್ಲ ಅರ್ಥವಾಗುತ್ತದೆ ಎನ್ನುವುದು ನನ್ನ ಮನೆಯಲ್ಲೇ ಇರುವ ಪ್ರಣತಿಯನ್ನು ನೋಡಿಯಾದರೂ ಹೊಳೆಯಬೇಕಿತ್ತು.

ಮನೆಗೆ ಬಂದಾಗ ಅವಳು ಬಟ್ಟೆ ಮಡಿಸುತ್ತಿದ್ದಳು. “ಯಾವಾಗಿಂದ ಗೊತ್ತು?” ಎಂದೆ. ಯಾವುದು ಎಂದು ಅವಳು ಕೇಳಲಿಲ್ಲ.

“ನವೆಂಬರ್.”

“ಯಾಕೆ ಹೇಳ್ಲಿಲ್ಲ ಪುಟ್ಟಾ?”

“ಯು ವರ್ ಸೋ ಹ್ಯಾಪಿ, ಅತ್ತೆ.” ಮಡಿಸಿದ ಬಟ್ಟೆಯನ್ನು ಬದಿಗಿಟ್ಟು, ಅಪರೂಪಕ್ಕೆ ಕನ್ನಡದಲ್ಲಿ ಹೇಳಿದಳು. “ನಿಮಗೆ ಹೇಳಿದ್ದು ನಾನೇ ಅಲ್ವಾ. ಅದು ನನ್ನ ತಪ್ಪು.” ಆಮೇಲೆ ನನ್ನ ಸೀರೆಯ ಸೆರಗಿಗೆ ಅಂಟಿದ್ದ ಎಳ್ಳನ್ನು ಒಂದೊಂದಾಗಿ ಬಿಡಿಸಿದಳು.

ನಿನ್ನೆಯಿಂದ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದೇನೆ. ನನಗೆ ಅವಳು ಗೆಲ್ಲುವುದು ಬೇಕಿತ್ತೇ, ಅಥವಾ ನನ್ನ ಮಾತು ಕೇಳುವ ನಾಲ್ಕು ಸಾವಿರ ಜನ ಬೇಕಿತ್ತೇ? ಮೊದಲನೆಯದು ಎಂದು ಪ್ರಮಾಣ ಮಾಡಿ ಹೇಳಲು ಆಗುತ್ತಿಲ್ಲ. ಪೇಜ್ ಮುಚ್ಚಿ ಎಂದು ಅವಳು ಕೇಳಿದ ದಿನ ನನಗೆ ಮೊದಲು ಬೇಸರವಾದದ್ದು ನನಗಾಗಿ. ನಿಮ್ಮ ಆ ಸಾಲಿಗೆ ನೀವು ಕ್ಷಮೆ ಕೇಳಿದ್ದೀರಿ. ಆ ಕ್ಷಮೆಯನ್ನು ವಾಪಸ್ ತೆಗೆದುಕೊಳ್ಳಿ.

ಮಂಗಳವಾರ ಸಂಜೆ ಆರೂವರೆಗೆ ಕಮಿಟಿ. ಪ್ರಣತಿ ಬರಬೇಡಿ ಎನ್ನುತ್ತಿದ್ದಾಳೆ. ಮನೆಯವರಿಗೆ ಗುರುತು ಹೇಳಿದ್ದೂ ತಪ್ಪೇ ಆಗುತ್ತದಂತೆ. ಆಗಲಿ. ಅಡುಗೆಮನೆಯಲ್ಲಿ ಅತ್ತೆಯ ಹತ್ತಿರ ಬಾಯಿಬಿಟ್ಟವಳು ಎನ್ನಲಿ, ತಂಡವನ್ನು ಮಾರಿದವಳು ಎನ್ನುವುದು ಬೇಡ. ವಿಡಿಯೋಗಳನ್ನು ಇನ್ನೂ ತೆಗೆದಿಲ್ಲ. ಅವರ ಮುಂದೆ ಹಾಕಿ, ನನ್ನದೇ ಧ್ವನಿಯನ್ನು ಸಾಲುಸಾಲಾಗಿ ಇಂಗ್ಲಿಷಿನಲ್ಲಿ ಹೇಳುತ್ತೇನೆ. ಸಾನ್ವಿ ಮಾಡಿದ ಕೆಲಸ ಈಗ ನನ್ನದು. ಆಮೇಲೆ ಪೇಜಿನಲ್ಲೂ ಕನ್ನಡದಲ್ಲಿ ಹೇಳಿ ಮುಚ್ಚುತ್ತೇನೆ. ಅವಳದು ಲಕ್ ಎಂದವರು ಕೇಳಿಸಿಕೊಳ್ಳಲಿ. ಶಿವಪ್ರಕಾಶ್ ಕಾರು ಓಡಿಸುತ್ತಾರಂತೆ. “ಅವತ್ತೇ ಕೇಳಿದ್ದೆ” ಎನ್ನುವ ಮಾತನ್ನು ಇವತ್ತಿನವರೆಗೂ ಆಡಿಲ್ಲ.

ಕಮಿಟಿಯವರು ಅವಳನ್ನು ಉಳಿಸಿಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ಕ್ಷಮಿಸಲಾರೆ ಎಂದು ನೀವು ಬರೆದಿದ್ದೀರಿ. ಅದು ಯಾರಿಗೆ ಎಂದು ತಿಳಿಯದೆ ಬರೆದದ್ದು, ಆದರೂ ಸರಿಯಾಗಿಯೇ ತಲುಪಿದೆ. ಬದಲಿಸಿ ಎಂದು ಕೇಳುವುದಿಲ್ಲ.

ಕಾಗದ ಮುಗಿಯಿತು, ಕವರಿಗೆ ಸ್ಟಾಂಪ್ ಅಂಟಿಸಿ ಬಾಗಿಲ ಪಕ್ಕ ಇಡುತ್ತೇನೆ. ಇವತ್ತೇ ಡಬ್ಬಕ್ಕೆ ಹಾಕಿದರೆ, ನಿಮಗೆ ಹೇಳಿ ಆಯಿತಲ್ಲ ಎಂಬ ಸಮಾಧಾನದಲ್ಲಿ ಮಂಗಳವಾರ ನನ್ನ ಕಾಲು ಹಿಂದೆ ಸರಿದೀತು. ನನ್ನನ್ನು ನಾನು ಈಗ ಅಷ್ಟು ನಂಬುವುದಿಲ್ಲ. ಅವರ ಮುಂದೆ ನಿಂತು ಹೇಳಿ ಬಂದ ಮೇಲೆಯೇ ಇದನ್ನು ಪೋಸ್ಟ್ ಮಾಡುತ್ತೇನೆ.

ಸಂಧ್ಯಾ

ಡಬ್ಬಕ್ಕೆ ಹಾಕಿದ್ದು: ಬುಧವಾರ, 4 ಫೆಬ್ರವರಿ 2026.